ಪದಚರ್ಚೆ: ಕಣ್ಕಟ್ಟು, ಮಾಯ, ಸ್ಟೆಲ್ತ್ – ಎಲ್ಲಕ್ಕೂ ‘ಅದೃಶ್ಯ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಮೊದಲೇ ಹೇಳಿಬಿಡುತ್ತೇನೆ. ರೇಡಾರಿಗೋ ಕ್ಯಾಮೆರಾಗೋ ಸಿಗದಂತೆ ಮಾಡುವ ಸ್ಟೆಲ್ತ್ ತಂತ್ರಜ್ಞಾನ ಒಂದು. ಮಂತ್ರ ಹಾಕಿ ಕಾಣದಂತಾಗುವುದು ಇನ್ನೊಂದು. ಯಾವುದೂ ಇಲ್ಲದೆ ಸುಮ್ನೆ ಉಸಿರು ಬಿಗಿಹಿಡಿದು ಅಡಗಿಕೊಂಡು ಹೋಗುವುದು ಮತ್ತೊಂದು. ಈಗ ಎಲ್ಲದಕ್ಕೂ ‘ಅದೃಶ್ಯ’ ಅಂದು ಮುಗಿಸುತ್ತಿದ್ದೇವೆ. ಬೇರೆ ಬೇರೆ ಪದ ಬಳಸಬೇಕು ಅನ್ನುವುದು ನನ್ನ ವಾದ. ನನಗೆ ಹೊಳೆದ ಪದಗಳನ್ನು ಕೆಳಗೆ ಬರೆದಿದ್ದೇನೆ. ಒಗ್ಗುತ್ತವೆಯೇ, ಇದಕ್ಕಿಂತ ಒಳ್ಳೆಯವು ನಿಮ್ಮ ಕಡೆ ಬಳಕೆಯಲ್ಲಿವೆಯೇ ಹೇಳಿ.

ಹಿನ್ನೆಲೆ ಇಷ್ಟು. ದಾವಣಗೆರೆಯಲ್ಲಿ ನಾವು ಒಂದಿಷ್ಟು ಜನ ಭಾನುವಾರ ಸೇರಿ ರೋಲ್ ಪ್ಲೇಯಿಂಗ್ ಆಟ ಆಡುತ್ತೇವೆ. ಗೊತ್ತಿಲ್ಲದವರಿಗೆ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ‘ನಾನು ಗೋಡೆ ಹತ್ತುತ್ತೇನೆ’ ಅಂತ ಒಬ್ಬ ಹೇಳಿದರೆ, ಹತ್ತಿದನೋ ಬಿದ್ದನೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬೆಳೆದು ಬಂದ ಆಟಗಳಿವು. ಇಲ್ಲಿ ಮಾತೇ ಆಟ. ಹಾಗಾಗಿ ಪದ ಮಸುಕಾದರೆ ನಿಯಮವೂ ಮಸುಕಾಗುತ್ತದೆ.

ನಮ್ಮ ಈಗಿನ ಕಥೆ ನಡೆಯುವುದು ಮುಂದೆಂದೋ ಬರುವ ಕಾಲದ ಚಿತ್ರದುರ್ಗದಲ್ಲಿ. ಅದೇ ಏಳು ಸುತ್ತಿನ ಕೋಟೆ. ಆದರೆ ಬತೇರಿಗಳ ಮೇಲೆ ಶಾಖ ಹಿಡಿಯುವ ಕ್ಯಾಮೆರಾ, ಆಕಾಶದಲ್ಲಿ ಡ್ರೋನ್. ಜೊತೆಗೆ ಮಂತ್ರವಾದಿಗಳೂ ಇದ್ದಾರೆ. ಒಬ್ಬ ಆಟಗಾರನ ಪಾತ್ರ ಸ್ಟೆಲ್ತ್ ಕೋಟು ಹಾಕಿಕೊಂಡಿದೆ, ಮೇಲೆ ಮಂತ್ರವನ್ನೂ ಹಾಕಿಸಿಕೊಂಡಿದೆ. ಓಬವ್ವನ ಕಿಂಡಿಯಲ್ಲಿ ನುಸುಳಿ ಒಳಗೆ ಹೋಗಬೇಕು. ಕ್ಯಾಮೆರಾಗೆ ಸಿಕ್ಕಿಬಿದ್ದೆ ಅಂತ ಕಥೆ ನಡೆಸುವವರು ಹೇಳಿದರು. ಅವನು ಎದ್ದೇ ನಿಂತ. ‘ಅಣ್ಣಾ, ನಾನು ಅದೃಶ್ಯ ಅಂತ ನೀವೇ ಹೇಳೀರಿ. ಅದೂ ಎರಡೆರಡು ಸಲ. ಮತ್ತೆ ಕ್ಯಾಮೆರಾಕ್ಕೆ ಹೆಂಗ್ ಕಾಣ್ತೀನಿ?’

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಅದೃಶ್ಯ ಅಂದಮೇಲೆ ಮುಗಿಯಿತು, ಅದರಲ್ಲಿ ಅರ್ಧ ಮುಕ್ಕಾಲು ಅಂತ ಇರುವುದಿಲ್ಲ. ಆದರೆ ಆ ಕೋಟೂ ಆ ಮಂತ್ರವೂ ಮಾಡುವ ಕೆಲಸ ಬೇರೆ ಬೇರೆ.

ಮಂತ್ರದ್ದು ಮೊದಲು ನೋಡೋಣ. ನಮ್ಮಲ್ಲಿ ‘ಕಣ್ಕಟ್ಟು’ ಅನ್ನುವ ಪದ ಇದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಿ. ಕಟ್ಟು ಬಿದ್ದಿರುವುದು ನೋಡುವವನ ಕಣ್ಣಿಗೆ. ವಸ್ತು ಇದ್ದಲ್ಲೇ ಇದೆ, ಇದ್ದ ಹಾಗೇ ಇದೆ. ಜಾತ್ರೆಯಲ್ಲಿ ಗಾರುಡಿಗ ಮಾಡುವುದೂ ಇದನ್ನೇ. ‘ಮಾಯ’ ಹಾಗಲ್ಲ. ‘ಇಲ್ಲೇ ಇಟ್ಟಿದ್ದೆ, ಮಾಯ ಆಗೋಯ್ತು’ ಅನ್ನುವಾಗ ನಮ್ಮ ಕಣ್ಣಿನ ಮೇಲೆ ದೂರಿಲ್ಲ, ವಸ್ತುವೇ ಕಾಣುವ ಜಾಗದಿಂದ ಹೋಗಿದೆ. ಎರಡೂ ದಿನಾ ಬಳಸುವ ಮಾತುಗಳು. ವ್ಯತ್ಯಾಸ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತು.

ಈ ವ್ಯತ್ಯಾಸ ಆಟಕ್ಕೆ ಎಷ್ಟು ಮುಖ್ಯ ಅನ್ನುವುದಕ್ಕೆ ಶ್ಯಾಡೋರನ್ ಸಾಕ್ಷಿ. 1989ರಲ್ಲಿ ಬಂದ ಆಟ ಅದು. ಕಂಪ್ಯೂಟರ್, ಯಂತ್ರದ ಕೈಕಾಲು, ಮಂತ್ರತಂತ್ರ ಎಲ್ಲ ಒಂದೇ ಊರಿನಲ್ಲಿ ಬೆರೆತಿರುವ ಲೋಕ. ಅಲ್ಲಿ ಕಾಣದಂತಾಗುವ ಮಂತ್ರ ಎರಡು ಬಗೆ. ಒಂದು ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ: ಕಾವಲುಗಾರನಿಗೆ ನೀವು ಕಾಣುವುದಿಲ್ಲ, ಆದರೆ ಕ್ಯಾಮೆರಾಗೆ ಕಾಣುತ್ತೀರಿ. ಕ್ಯಾಮೆರಾಗೆ ಮನಸ್ಸಿಲ್ಲವಲ್ಲ, ಕಟ್ಟುವುದು ಯಾವುದಕ್ಕೆ? ಇನ್ನೊಂದು ಬೆಳಕಿನ ಮೇಲೆಯೇ ಕೆಲಸ ಮಾಡುತ್ತದೆ, ಅದು ಕ್ಯಾಮೆರಾಗೂ ಮೋಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು, ಎರಡನೆಯದಕ್ಕೆ ‘ಸುಧಾರಿತ’ ಅನ್ನುವಂಥ ಒಂದು ಬಾಲ ಅಷ್ಟೇ. ಹೊಸ ಆಟಗಾರ ಪ್ರತಿ ಸಲ ಪುಸ್ತಕ ತೆರೆಯಬೇಕು. ಕನ್ನಡದಲ್ಲಿ ಮೊದಲನೆಯದು ಕಣ್ಕಟ್ಟು, ಎರಡನೆಯದು ಮಾಯ. ಹೆಸರು ಕೇಳಿದ ಕೂಡಲೇ ಕ್ಯಾಮೆರಾ ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ. ಇಂಥ ಪದಗಳು ಕೈಯಲ್ಲಿರುವಾಗ ‘ಅದೃಶ್ಯ ಮಂತ್ರ 1’, ‘ಅದೃಶ್ಯ ಮಂತ್ರ 2’ ಅಂತ ಯಾಕೆ ಬರೆಯಬೇಕು?

ಇನ್ನೊಂದು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಕಾಣದಿರುವುದು ಬೇರೆ, ಅಡಗಿರುವುದು ಬೇರೆ. ಮಂತ್ರದಿಂದ ನೀವು ಕಾಣದಿದ್ದರೂ ಹೆಜ್ಜೆ ಸದ್ದು ಕೇಳಿಸುತ್ತದೆ, ಮಣ್ಣಿನಲ್ಲಿ ಹೆಜ್ಜೆ ಗುರುತು ಮೂಡುತ್ತದೆ. ನೀವು ಎಲ್ಲಿದ್ದೀರಿ ಅಂತ ಎದುರಾಳಿ ಅಂದಾಜು ಮಾಡಬಹುದು. ಅಲ್ಲಿ ಜಾಡು ಬಿಡದೆ ಸಾಗುವುದಕ್ಕೇ ಬೇರೆ ಮಂತ್ರ ಇದೆ. ಅದು ಜೊತೆಯವರನ್ನೂ ಸೇರಿಸಿಕೊಂಡು ಎಲ್ಲರ ಅಡಗುವ ದಾಳಕ್ಕೆ 10 ಕೂಡಿಸುತ್ತದೆ. ಆದರೆ ಬರಿಗಣ್ಣಿಗೆ ನೀವು ಕಾಣುತ್ತಲೇ ಇರುತ್ತೀರಿ. ಇದಕ್ಕೂ ‘ಅದೃಶ್ಯ’ ಅಂದವರನ್ನು ನೋಡಿದ್ದೇನೆ. ‘ಜಾಡಳಿಸು’ ಅಂದರೆ ಸಾಕಲ್ವಾ?

ಈಗ ಸ್ಟೆಲ್ತ್. ನಿಜವಾದ ಕಷ್ಟ ಇರುವುದು ಇಲ್ಲೇ.

ಸ್ಟೆಲ್ತ್ ವಿಮಾನ ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅಮೆರಿಕದ ಎಫ್-117 ಮೊದಲು ಹಾರಿದ್ದು 1981ರಲ್ಲಿ. ಅದರ ಮೈ ತುಂಬ ಚಪ್ಪಟೆ ಚಪ್ಪಟೆ ಮುಖಗಳು. ಬಂದ ರೇಡಾರ್ ಅಲೆ ಬಂದ ದಾರಿಯಲ್ಲೇ ವಾಪಸ್ ಹೋಗದೆ ಅತ್ತಿತ್ತ ಚದುರಲಿ ಅಂತ ಆ ಆಕಾರ. ಮೇಲೆ ಅಲೆಯನ್ನು ಹೀರುವ ಲೇಪ. ಎಂಜಿನ್ನಿನ ಬಿಸಿಗಾಳಿ ಅಗಲವಾದ ತೆಳು ಸೀಳಿನಿಂದ ಹೊರಗೆ ಬಂದು ಬೇಗ ತಣ್ಣಗಾಗುತ್ತಿತ್ತು. ರಾತ್ರಿ ಹಾರುತ್ತಿತ್ತು, ಕಪ್ಪು ಬಣ್ಣ ಬೇರೆ. ಅಂದರೆ ಒಂದೊಂದು ಸುಳಿವಿಗೂ ಒಂದೊಂದು ಉಪಾಯ. ಯಾವುದೂ ಪೂರ್ತಿ ಇಲ್ಲವಾಗಿಸುವುದಿಲ್ಲ, ಕಡಿಮೆ ಮಾಡುತ್ತದೆ ಅಷ್ಟೇ. ಅದಕ್ಕೇ 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಹಳೆಯ ಸೋವಿಯತ್ ಕ್ಷಿಪಣಿಯೊಂದು ಅದನ್ನು ಹೊಡೆದು ಕೆಡವಲು ಆಯಿತು.

ಎಷ್ಟು ಕಡಿಮೆ ಮಾಡಿದರೆ ಎಷ್ಟು ಲಾಭ ಅನ್ನುವ ಲೆಕ್ಕವನ್ನು ಆಟ ನಡೆಸುವವರೆಲ್ಲ ತಿಳಿದುಕೊಳ್ಳಬೇಕು. ರೇಡಾರಿಗೆ ಕಾಣುವ ನಿಮ್ಮ ‘ಗಾತ್ರ’ 16 ಪಟ್ಟು ಕಿರಿದಾದರೆ, ಪತ್ತೆಯಾಗುವ ದೂರ ಅರ್ಧಕ್ಕೆ ಇಳಿಯುತ್ತದೆ. ದೂರ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕಾದರೆ ಗಾತ್ರ 10,000 ಪಟ್ಟು ಕಿರಿದಾಗಬೇಕು. ಆಟದ ಭಾಷೆಯಲ್ಲಿ ಹೇಳುವುದಾದರೆ, 100 ಮೀಟರಿನಲ್ಲಿ ಸಿಕ್ಕಿಬೀಳುತ್ತಿದ್ದವನು ಕೋಟು ಹಾಕಿಕೊಂಡರೆ 50 ಮೀಟರಿನಲ್ಲಿ ಸಿಕ್ಕಿಬೀಳುತ್ತಾನೆ. ಹತ್ತಿರ ಹೋದಷ್ಟೂ ಅಪಾಯ ಇದ್ದೇ ಇದೆ. ಇದನ್ನು ‘ಅದೃಶ್ಯ ಕೋಟು’ ಅಂದರೆ ಆಟಗಾರನಿಗೆ ಸುಳ್ಳು ಹೇಳಿದಂತೆ.

ಹಾಗಾದರೆ ಏನನ್ನಬೇಕು? ‘ರೇಡಾರ್ ಕಣ್ತಪ್ಪಿಸುವ ವಿಮಾನ’ ಅಂದರೆ ಕ್ರಿಯಾಪದವಾಗಿ ಚೆನ್ನಾಗಿದೆ. ಆದರೆ ‘ಕಣ್ತಪ್ಪು’ ಅಂತ ನಾಮಪದ ಮಾಡಿದರೆ ನೋಡುವವನ ಅಜಾಗರೂಕತೆ ಅನ್ನುವ ಅರ್ಥ ಬಂದುಬಿಡುತ್ತದೆ, ಲೆಕ್ಕಪತ್ರದಲ್ಲಿ ಕಣ್ತಪ್ಪಿನಿಂದ ಆದ ದೋಷ ಅನ್ನುತ್ತೇವಲ್ಲ, ಹಾಗೆ. ‘ಮರೆ’ಯಿಂದ ಏನಾದರೂ ಕಟ್ಟೋಣ ಅಂತ ನಮ್ಮ ಗುಂಪಿನ ಒಬ್ಬರು ‘ಮೈಮರೆ ಕೋಟು’ ಅಂದರು. ಅದು ಮೈಮರೆತು ಹಾಡುವ ಮಾತಾಗುತ್ತದೆ, ಬೇಡ.

ನನಗೆ ಗಟ್ಟಿ ಅನ್ನಿಸಿದ್ದು ‘ಸುಳಿವು’. ಬಿಸಿಯ ಸುಳಿವು, ಸದ್ದಿನ ಸುಳಿವು, ವಾಸನೆಯ ಸುಳಿವು, ರೇಡಾರ್ ಸುಳಿವು. ಎಲ್ಲಕ್ಕೂ ಹೊಂದುತ್ತದೆ. ‘ಅವನ ಸುಳಿವೇ ಇಲ್ಲ’ ಅಂತ ಪೊಲೀಸರಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಅನ್ನುತ್ತಾರೆ. ಕಣ್ಣಿಗೇ ಅಂಟಿಕೊಂಡ ಪದವಲ್ಲ ಅನ್ನುವುದು ಇದರ ದೊಡ್ಡ ಗುಣ. ಅದೃಶ್ಯದಲ್ಲಿ ‘ದೃಶ್ಯ’ ಕೂತಿದೆ, ನಾಯಿ ಮೂಗಿಗೂ ರೇಡಾರಿಗೂ ಅದು ಒಗ್ಗುವುದಿಲ್ಲ. ಬೆಲೆಯ ಇಳಿಕೆ ಅನ್ನುವಂತೆ ಸುಳಿವಿನ ಇಳಿಕೆ, ಅದೇ ‘ಸುಳಿವಿಳಿಕೆ’. ಸ್ಟೆಲ್ತ್ ತಂತ್ರಜ್ಞಾನಕ್ಕೆ ಇದು ಆಗಬಹುದೇ? ಇಳಿಕೆ ಅಂದಮೇಲೆ ಎಷ್ಟು ಇಳಿಯಿತು ಅಂತ ಕೇಳಬಹುದು, ಅಂಕಿ ಕೊಡಬಹುದು. ‘ನಿನ್ನ ಬಿಸಿಯ ಸುಳಿವು 6 ಇತ್ತು, ಕೋಟಿನಿಂದ 3 ಆಯಿತು.’ ಮಂತ್ರಕ್ಕೆ ಅಂಕಿ ಬೇಡ, ಹೌದು ಅಥವಾ ಇಲ್ಲ ಸಾಕು. ಎರಡನ್ನೂ ಕೂಡಿಸಿ ‘ಎರಡು ಪಟ್ಟು ಅದೃಶ್ಯ’ ಅನ್ನುವ ಲೆಕ್ಕಕ್ಕೆ ಆಮೇಲೆ ಜಾಗವೇ ಉಳಿಯುವುದಿಲ್ಲ.

ಈ ಪದ ಆಟಕ್ಕೆ ಮಾತ್ರ ಬೇಕಾದದ್ದೂ ಅಲ್ಲ. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಪೈಲಟ್ ಇಲ್ಲದ, ಮೈಯೆಲ್ಲ ಒಂದೇ ರೆಕ್ಕೆಯಂತಿರುವ ವಿಮಾನವನ್ನು 2022ರ ಜುಲೈ 1ರಂದು ಮೊದಲ ಸಲ ಹಾರಿಸಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಿಂದಲೇ. ರೇಡಾರಿಗೆ ಕಡಿಮೆ ಸುಳಿವು ಕೊಡುವ ಆಕಾರ ಅದು. ಚಳ್ಳಕೆರೆಯ ಹುಡುಗಿಯೊಬ್ಬಳು ಶಾಲೆಯಲ್ಲಿ ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಅವಳಿಗೊಂದು ಸರಿಯಾದ ಪದ ಸಿಗಬೇಕು.

ಎರಡೂ ಬೆರೆತಾಗ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ನಾವೀಗ ಮೊದಲು ಕೇಳುವುದು ಒಂದೇ: ನೋಡುತ್ತಿರುವುದು ಯಾರು? ಕಾವಲುಗಾರನಾದರೆ ಕಣ್ಕಟ್ಟು ಸಾಕು. ಶಾಖದ ಕ್ಯಾಮೆರಾ ಆದರೆ ಕೋಟು ಬೇಕು, ಅದೂ ಅಂಕಿಯ ಲೆಕ್ಕದಲ್ಲಿ. ನಾಯಿ ಆದರೆ ಎರಡೂ ಕೆಲಸಕ್ಕೆ ಬಾರದೆ ಹೋಗಬಹುದು. ಯಾವ ಒಂದು ಸುಳಿವು ಮುಚ್ಚದೆ ಉಳಿದಿದೆಯೋ ಅಲ್ಲಿಂದಲೇ ಸಿಕ್ಕಿಬೀಳುವುದು. ಓಬವ್ವನ ಕಥೆಯೂ ಇದೇ ಅಲ್ವಾ? ಹೈದರಾಲಿಯ ಸೈನಿಕರು ಬಂಡೆಗಳ ಸಂದಿಯಲ್ಲಿ ಒಬ್ಬೊಬ್ಬರಾಗಿ ತೆವಳಿ ಬಂದರು. ದೂರದ ಬತೇರಿಯಿಂದ ನೋಡುವವನಿಗೆ ಅವರು ಕಾಣುವಂತಿರಲಿಲ್ಲ. ಆದರೆ ನೀರಿಗೆ ಬಂದ ಹೆಂಗಸಿನ ಕಿವಿಗೆ ಪಿಸುಮಾತು ಬಿತ್ತು. ಕಣ್ಣಿಗೆ ಮರೆ ಇತ್ತು, ಸದ್ದಿಗೆ ಇರಲಿಲ್ಲ. ನಮ್ಮ ಹುಡುಗನಿಗೆ ಈ ಉದಾಹರಣೆ ಹೇಳಿದ ಮೇಲೆ ಅವನು ಕೋಟಿಗಿಂತ ಮೊದಲು ಮೆತ್ತನೆಯ ಚಪ್ಪಲಿ ಕೊಂಡ.

ಮಂತ್ರ ತಾನೇ ಒಂದು ಸುಳಿವು ಅನ್ನುವುದನ್ನೂ ಮರೆಯಬಾರದು. ಶ್ಯಾಡೋರನ್‌ನಲ್ಲಿ ಮಂತ್ರದ ಕಣ್ಣಿರುವವರಿಗೆ, ನಿಮ್ಮನ್ನು ಮರೆಮಾಡುತ್ತಿರುವ ಮಂತ್ರವೇ ಎದ್ದು ಕಾಣುತ್ತದೆ. ತಂತ್ರಜ್ಞಾನದಲ್ಲೂ ಹೀಗೇ. ಎಫ್-117ರಲ್ಲಿ ಸ್ವಂತ ರೇಡಾರೇ ಇರಲಿಲ್ಲ, ಅಲೆ ಹೊರಗೆ ಬಿಟ್ಟರೆ ತಾನೇ ಸಿಕ್ಕಿಬೀಳುತ್ತದೆ ಅಂತ. ಹಾಗಾಗಿ ಕೋಟೂ ಮಂತ್ರವೂ ಒಟ್ಟಿಗೆ ಇದ್ದರೆ ಕೆಲವೊಮ್ಮೆ ಬರೀ ಕೋಟು ಇದ್ದವನಿಗಿಂತ ಬೇಗ ಸಿಕ್ಕಿಬೀಳಬಹುದು. ಆಟದಲ್ಲಿ ನನಗೆ ತುಂಬ ಇಷ್ಟವಾದ ತಿರುವು ಇದು. ಮಂತ್ರವನ್ನು ಎಲ್ಲಿ ಕಳಚಿ ಇಟ್ಟು ಹೋಗಬೇಕು ಅಂತ ಆಟಗಾರರು ಯೋಚಿಸಬೇಕಾಗುತ್ತದೆ.

ಮಂತ್ರಕ್ಕೂ ಸ್ಟೆಲ್ತಿಗೂ ಸಮಾನವಾದ ಗಂಡಾಂತರ ಇನ್ನೂ ಒಂದಿದೆ: ಹೊಡೆಯಲು ಹೋದಾಗ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಸಾಮಾನ್ಯ ಮಂತ್ರ, ನೀವು ಯಾರಿಗಾದರೂ ಹೊಡೆದ ಕೂಡಲೇ ಬಿಟ್ಟುಹೋಗುತ್ತದೆ. ಸ್ಟೆಲ್ತ್ ವಿಮಾನವೂ ಬಾಂಬು ಹಾಕಲು ಹೊಟ್ಟೆಯ ಬಾಗಿಲು ತೆರೆದರೆ ಅಷ್ಟು ಹೊತ್ತು ರೇಡಾರಿಗೆ ದೊಡ್ಡದಾಗುತ್ತದೆ. ಇದಕ್ಕೆ ‘ಬಯಲಾಗು’ ಅಂತ ಬಳಸುತ್ತಿದ್ದೇವೆ. ‘ನೀನು ಬಯಲಾದೆ’ ಅಂದರೆ ಮೇಜಿನ ಸುತ್ತ ಎಲ್ಲರಿಗೂ ಥಟ್ಟನೆ ಅರ್ಥವಾಗುತ್ತದೆ. ದುರ್ಯೋಧನ ಜಲಸ್ತಂಭನ ಮಾಡಿ ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಮೂದಲಿಕೆಗೆ ಎದ್ದು ಬಯಲಾದ. ಇಂದ್ರಜಿತು ಮಾತ್ರ ಬಾಣ ಬಿಡುತ್ತಲೇ ಕಾಣದೆ ಉಳಿಯುತ್ತಾನೆ. ಆಟದಲ್ಲೂ ಅಂಥ ದೊಡ್ಡ ಮಂತ್ರ ಇದೆ, ಆದರೆ ಒಂದೇ ನಿಮಿಷ. ಅದಕ್ಕೆ ‘ಇಂದ್ರಜಿತು ಮಾಯ’ ಅಂತ ನಾವು ಹೆಸರಿಟ್ಟಾಗಿದೆ, ಇದರಲ್ಲಿ ಯಾರ ತಕರಾರೂ ಬರಲಿಲ್ಲ.

ಅಡಗಿದ್ದನ್ನು ಕಾಣುವ ಮಂತ್ರಕ್ಕೆ ‘ಅಂಜನ’. ಕಳೆದುಹೋದ ದನವನ್ನೋ ಒಡವೆಯನ್ನೋ ಅಂಜನ ಹಾಕಿ ನೋಡಿಸುವುದು ನಮ್ಮ ಕಡೆ ಹಳೆಯ ರೂಢಿ. ಹೊಸ ಪದ ಬೇಕಿಲ್ಲ.

ಈಗ ನಿಮ್ಮಿಂದ ಬೇಕಾದದ್ದು. ‘ಸುಳಿವಿಳಿಕೆ’ ಬಾಯಿಗೆ ಸಲೀಸಾಗಿದೆಯೇ? ನಾಲ್ಕು ಸಲ ಜೋರಾಗಿ ಅಂದು ನೋಡಿ ಹೇಳಿ. ಕೋಟು ಮಂತ್ರ ಎರಡೂ ಸೇರಿದ್ದಕ್ಕೆ ‘ಜೋಡುಮರೆ’ ಅನ್ನಬಹುದೇ, ಅಥವಾ ಅದು ಮತ್ತೆ ಎರಡು ಪಟ್ಟು ಅನ್ನುವ ಅರ್ಥ ಕೊಡುತ್ತದೆಯೇ? ಇನ್ನೊಂದು, ಇದು ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಕಡೆಯವರಿಗೆ. ಹಿಂದೆ ಬೇಟೆಗಾರರು ಪಳಗಿಸಿದ ಎತ್ತನ್ನು ಅಡ್ಡ ಹಿಡಿದು ಅದರ ಮರೆಯಲ್ಲಿ ನಡೆಯುತ್ತಾ ಬೇಟೆಯ ಹತ್ತಿರ ಹೋಗುತ್ತಿದ್ದರು. ಆ ಎತ್ತಿಗೆ, ಆ ನಡಿಗೆಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಎಲೆ ಸೊಪ್ಪು ಕಟ್ಟಿಕೊಂಡು ಕೂರುವ ಮರೆಗೆ ಹೆಸರಿದೆಯೇ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಉಚ್ಚಾರಣೆಯಲ್ಲೇ ಬರೆಯಿರಿ. ಭಾನುವಾರಕ್ಕೆ ಮುಂಚೆ ಬಂದರೆ ನಿಯಮದ ಹಾಳೆಗೆ ಸೇರಿಸುತ್ತೇನೆ.