ಹೊಳೆ ಸೇತುವೆಗೆ ಬೋರ್ ಕೊರೆಯೋದು ದಂಡವಾ?

ತೋಟದಮನೆ: ನಮ್ಮೂರ ಹೊಳೆಗೆ ಹೊಸ ಸೇತುವೆ ಬರ್ತಿದೆ. ನೆಲ ಪರೀಕ್ಷೆಗೆ ಅಂತ ಬೋರ್ ಕೊರೆದು ಮಣ್ಣು ತೆಗೀತಾನೇ ಇದ್ದಾರೆ. ಕೇಳಿದ್ರೆ ಭೂಕಂಪದ ಲೆಕ್ಕಕ್ಕೂ ಬೇಕಂತೆ! ಆ ದುಡ್ಡಲ್ಲಿ ರಸ್ತೆ ಆಗ್ತಿತ್ತು.

ಸಂಪಾಜೆ_ಹುಡ್ಗ: 2022ರ ಜೂನ್ ಮರ್ತೋಯ್ತಾ ಅಣ್ಣ? ನಮ್ಮ ಕೊಡಗಿನ ಚೆಂಬು, ಕರಿಕೆ ಕಡೆ ನೆಲ ನಡುಗಿ ಜನ ಅಂಗಳಕ್ಕೆ ಓಡಿದ್ರು.

ತೋಟದಮನೆ: ಅದು ಭೂಕಂಪದ ಮಾಪಕದಲ್ಲಿ ಮೂರರ ಆಸುಪಾಸಿನ ನಡುಕ, ಅದಕ್ಕೆಲ್ಲ ಸೇತುವೆ ಬೀಳುತ್ತಾ? ನಮ್ಮ ಮಣ್ಣು ಬೇರೆ ಮೆತ್ತಗಿದೆ, ಇದ್ದಬದ್ದ ನಡುಕ ಅದೇ ನುಂಗಿಕೊಳ್ಳುತ್ತೆ.

ಕಂಬದಲೆಕ್ಕ: ನುಂಗಲ್ಲ, ಹಿಗ್ಗಿಸುತ್ತೆ. 1985ರಲ್ಲಿ ಮೆಕ್ಸಿಕೊ ನಗರದಿಂದ ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರ ಇತ್ತು. ಆದ್ರೂ ಹಳೇ ಸರೋವರದ ಜೇಡಿ ಮೇಲಿದ್ದ ಕಟ್ಟಡಗಳು ಉರುಳಿದವು, ಗಟ್ಟಿ ನೆಲದವು ಬಹುಪಾಲು ಉಳಿದವು. ಸೇತುವೆಯದ್ದೇ ಬೇಕಾ? 1989ರಲ್ಲಿ ಅಮೆರಿಕದ ಓಕ್ಲೆಂಡಿನ ಎರಡಂತಸ್ತಿನ ಸೈಪ್ರೆಸ್ ಮೇಲ್ಸೇತುವೆ ಕುಸಿದು 42 ಜನ ಸತ್ತರು. ಬಿದ್ದದ್ದು ಕೊಲ್ಲಿಯ ಕೆಸರಿನ ಮೇಲಿದ್ದ ಭಾಗ. ಕಂಬ, ತೊಲೆ ಸೇರೋ ಕಡೆ ಕಬ್ಬಿಣವೂ ಸಾಲದಾಗಿತ್ತು, ಎಲ್ಲಾ ತಪ್ಪು ಮಣ್ಣಿನ ತಲೆಗೆ ಕಟ್ಟೋದು ಬೇಡ.

ಕುಶಾಲನಗರದವ: ಹಾಗಾದ್ರೆ ಮೆದು ಮಣ್ಣಲ್ಲಿ ಎಲ್ಲಾ ಸೇತುವೆಗೂ ಭೂಕಂಪದ ಹೊರೆ ಜಾಸ್ತಿನಾ?

ಕಂಬದಲೆಕ್ಕ: ಇಲ್ಲ, ಸ್ವಾರಸ್ಯ ಇರೋದೇ ಅಲ್ಲಿ. ಭೂಕಂಪದ ಲೆಕ್ಕಕ್ಕೆ ಇರೋ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ನೆಲ ಮೂರು ಬಗೆ: ಬಂಡೆ ಅಥವಾ ಗಟ್ಟಿ, ಮಧ್ಯಮ, ಮೆದು. ಸೇತುವೆ ಒಂದು ಸಲ ಆಚೀಚೆ ತೂಗಿ ಬರೋಕೆ 0.3 ಸೆಕೆಂಡ್ ಹಿಡಿದ್ರೆ ಅಡ್ಡಬಲ, ಅಂದ್ರೆ ನಡುಕ ಸೇತುವೆಯನ್ನ ಪಕ್ಕಕ್ಕೆ ತಳ್ಳೋ ಬಲ, ಲೆಕ್ಕ ಹಾಕೋ ಗುಣಕ ಮೂರಕ್ಕೂ ಒಂದೇ, 2.5. ಕಂಬ ಎತ್ತರವಾಗಿ ಅದೇ ಹೊತ್ತು 1 ಸೆಕೆಂಡ್ ಆದ್ರೆ ಗಟ್ಟಿ ನೆಲಕ್ಕೆ 1, ಮಧ್ಯಮಕ್ಕೆ 1.36, ಮೆದುವಿಗೆ 1.67. ಅದೇ ಸೇತುವೆ, ಗಟ್ಟಿ ನೆಲಕ್ಕಿಂತ ಮೆದುವಿನಲ್ಲಿ ಅಡ್ಡಬಲ ಮಾತ್ರ ಶೇ. 67 ಹೆಚ್ಚು.

ತೋಟದಮನೆ: ನಮ್ಮದು ಗಿಡ್ಡ ಕಂಬ. ಬೋರ್ ದಂಡ ಅಂತ ನೀವೇ ಒಪ್ಪಿದ ಹಾಗಾಯ್ತಲ್ಲ!

ಕಂಬದಲೆಕ್ಕ: ಹೊರೆ ಬದಲಾಗದಿದ್ರೂ ಅದನ್ನ ಹೊರೋಕೆ ನೆಲ ಬೇಕಲ್ವಾ? ಬುಡ ಮೆತ್ತಗಿದ್ರೆ ಗಿಡ್ಡ ಕಂಬದ ಸೇತುವೆಯೂ ನಿಧಾನಕ್ಕೆ ತೂಗುತ್ತೆ, ಆಗ ಮೇಲಿನ ಲೆಕ್ಕವೂ ಬದಲು. ನೀರು ತುಂಬಿದ ಸಡಿಲ ಮರಳಾದ್ರಂತೂ ನಡುಗಿದಾಗ ಹಿಡಿತವೇ ಬಿಟ್ಟುಬಿಡುತ್ತೆ. 1964ರಲ್ಲಿ ಜಪಾನಿನ ನಿಗಾಟದಲ್ಲಿ ಶೋವಾ ಸೇತುವೆ ಬಿದ್ದದ್ದು ಅಂಥ ನೆಲದಲ್ಲಿ. ಮತ್ತೆ ಪೈಲ್, ಅಂದ್ರೆ ಬುನಾದಿಗೆ ನೆಲದೊಳಗೆ ಇಳಿಸೋ ಕಂಬ, ಎಷ್ಟು ಆಳ ಹೋಗಬೇಕು, ಪ್ರವಾಹ ಬುಡದ ಮಣ್ಣನ್ನ ಎಷ್ಟು ಕೊಚ್ಚುತ್ತೆ, ಇದಕ್ಕೂ ಅದೇ ಬೋರ್.

ಮಡಿಕೇರಿ_ಅಕ್ಕ: ಕಂಬ ಕಂಬ ಅಂತೀರಲ್ಲ, 2018ರ ಆಗಸ್ಟಲ್ಲಿ ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂತು. ಭೂಕಂಪ ಬೇಕಿರಲಿಲ್ಲ, ಮಳೆ ಸಾಕಾಯ್ತು. ಕಂಬ ಬಂಡೆ ಮೇಲೆ ನಿಂತು ದಡದ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜಾರಿದ್ರೆ ಸೇತುವೆಗೆ ಹತ್ತೋದು ಎಲ್ಲಿಂದ?

ಕಂಬದಲೆಕ್ಕ: ಸರಿಯಾಗಿ ಹೇಳಿದ್ರಿ ಅಕ್ಕ. ಕೊಡಗಲ್ಲಿ ನಾನೂ ಮೊದಲು ನೋಡೋದು ಬರೆಯನ್ನೇ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದಿರೋವಾಗ ಸಣ್ಣ ನಡುಕ ಬಂದ್ರೂ ಅದು ನಿಲ್ಲುತ್ತಾ ಅಂತ ಲೆಕ್ಕ ಹಾಕಬೇಕು. ಅದಕ್ಕೆ ದಡದಲ್ಲೂ ಬೋರ್ ಬೇಕು.

ತೋಟದಮನೆ: ಇಲ್ಲಿವರೆಗೆ ಹೊಳೆ ನಡುವೆ ಮಾತ್ರ ಕೊರೆದಿದ್ದಾರೆ. ದಡ ಮುಟ್ಟೇ ಇಲ್ಲ. ಮೆಷಿನ್ ವಾಪಸ್ ಹೋಗೋ ಮೊದಲು ಕೇಳ್ತೀನಿ.