ಕೋವಿ ಬೀರು ಬಗ್ಗೆ, ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡಿದೆ, ತೋಟದಲ್ಲಿದ್ದೆ, ಈಗ ಕೂತು ಹೇಳ್ತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಗ್ರೂಪಲ್ಲಿ ಮೈಸೂರಿನ ಅಳಿಯಂದಿರೂ ಇದ್ದಾರೆ, ಅದಕ್ಕೆ ನಮ್ಮ ಕೊಡವ ಭಾಷೆ ಬಿಟ್ಟು ಕನ್ನಡದಲ್ಲೇ ಹೇಳ್ತೀನಿ.

ನೀನು ಕೇಳಿದ್ದು, ಗೋಣಿಕೊಪ್ಪದಲ್ಲಿ ಮಾಡಿಸಿದ ಕಬ್ಬಿಣದ ಕೋವಿ ಬೀರು ಬಂದಿದೆ, ಟಿವಿ ಸ್ಟ್ಯಾಂಡ್ ಹೊಡೆಯೋಕೆ ಬರೋ ಹುಡುಗನ ಕೈಲೇ ನಾಲ್ಕು ಸ್ಕ್ರೂ ಹಾಕಿಸಿಬಿಡ್ಲಾ ಅಂತ. ಬೇಡ. ದಯವಿಟ್ಟು ಬೇಡ. ಬೀರು ಎಷ್ಟೇ ಗಟ್ಟಿ ಇರ್ಲಿ, ಖಾಲಿ ಬೀರು ಮೂವತ್ತು ನಲವತ್ತು ಕೆ.ಜಿ. ತೂಗುತ್ತೆ ಅಷ್ಟೇ. ಇಬ್ಬರು ಎತ್ತಿ ಜೀಪಿಗೆ ಹಾಕ್ಕೊಂಡ್ರೆ ಮುಗೀತು, ಬಾಗಿಲು ಒಡೆಯೋ ಕೆಲಸ ಅವರ ಮನೇಲಿ ನಿಧಾನವಾಗಿ ಮಾಡ್ಕೋತಾರೆ. ಅದಕ್ಕೇ ನಾನು ಮೊದಲು ಗೋಡೆ ಯಾವುದು ಅಂತ ಕೇಳ್ತೀನಿ, ಬೀರು ಆಮೇಲೆ.

ನಿನ್ನ ಮನೇಲಿ ಎರಡು ಥರದ ಗೋಡೆ ಇದೆ. ಅಜ್ಜನ ಕಾಲದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮನೆ ಹಿಂದುಗಡೆ ಹೊಸದಾಗಿ ಕಟ್ಟಿಸ್ತಾ ಇರೋ ಎರಡು ರೂಮಿನ ಗೋಡೆ ಹಾಲೋ ಬ್ಲಾಕ್. ಬೆರಳ ಗೆಣ್ಣಿಂದ ತಟ್ಟಿ ನೋಡು, ಬ್ಲಾಕ್ ಗೋಡೆ ಡಬ್ ಡಬ್ ಅನ್ನುತ್ತೆ. ಆ ಬ್ಲಾಕಿನ ಮೈ ಬರೀ ಒಂದು ಒಂದೂಕಾಲು ಇಂಚು, ಒಳಗೆ ಟೊಳ್ಳು. ಅದಕ್ಕೆ ಹಿಗ್ಗೋ ಥರದ ಆಂಕರ್ ಬೋಲ್ಟ್ ಹಾಕಿ ಬಿಗಿದ್ರೆ ಮುಂದಿನ ಪದರ ಸೀಳುತ್ತೆ, ಮೇಲೆ ಪ್ಲಾಸ್ಟರ್ ಇರೋದ್ರಿಂದ ಕಾಣೋದೂ ಇಲ್ಲ. ನಮ್ಮ ಹಳೇ ಬಾಡಿಗೆ ಮನೇಲಿ ಹಾಗೇ ಹಾಕಿದ್ರು, ಪ್ಲಾಸ್ಟಿಕ್ ಪ್ಲಗ್ಗು, ಮರದ ಸ್ಕ್ರೂ. ಒಂದು ದಿನ ನಾನು ಬಾಗಿಲು ಜೋರಾಗಿ ಎಳೆದಾಗ ಬೀರು ಗೋಡೆ ಬಿಟ್ಟು ಮುಂದಕ್ಕೆ ವಾಲ್ತು. ಕೆಳಗೆ ಪುಟ್ಟಿ ಆಟ ಆಡ್ತಾ ಇದ್ಲು. ಹೆಗಲು ಕೊಟ್ಟು ತಡೆದೆ. ಆ ದಿನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಕಲಸುತ್ತೆ. ಕೋವಿ ನಿಲ್ಲಿಸೋ ಬೀರು ಉದ್ದ ಇರುತ್ತೆ, ಆಳ ಕಡಿಮೆ, ಬಾಗಿಲು ತೆಗೆದ ಕೂಡಲೇ ಭಾರ ಮುಂದಕ್ಕೆ ಬರುತ್ತೆ. ಕಳ್ಳರ ಮಾತು ಬಿಡು, ಮಕ್ಕಳಿರೋ ಮನೆ ಅನ್ನೋ ಒಂದೇ ಕಾರಣಕ್ಕೂ ಇದು ಸರಿಯಾಗಿ ಆಗಬೇಕು.

ಈಗ ನಿನ್ನ ಅದೃಷ್ಟ ಏನಂದ್ರೆ ಕೊನೇ ರೂಮಿನ ಗೋಡೆ ಇನ್ನೂ ಅರ್ಧಕ್ಕಿದೆ. ಬೀರು ಬರೋ ಜಾಗದಲ್ಲಿ, ಆ ಅಗಲಕ್ಕೆ, ಬ್ಲಾಕಿನ ಟೊಳ್ಳಿಗೆ ಮೇಸ್ತ್ರಿ ಕೈಲಿ ಕಾಂಕ್ರೀಟ್ ತುಂಬಿಸು. ಸಣ್ಣ ಜಲ್ಲಿ ಹಾಕಿ ಕಲಸ್ಲಿ, ಪ್ರತೀ ವರಸೆಗೂ ಕಂಬಿ ಹಾಕಿ ಕುಟ್ಲಿ. ಎರಡು ಮೂಟೆ ಸಿಮೆಂಟಿನ ಕೆಲಸ, ಅಷ್ಟೇ. ಮೂರು ನಾಲ್ಕು ವಾರ ಕಳೆದ ಮೇಲೆ ಅದು ಗಟ್ಟಿ ಗೋಡೆ, ಅಲ್ಲಿ ಎಂ10 ಆಂಕರ್, ಅಂದ್ರೆ 10 ಮಿ.ಮೀ. ದಪ್ಪದ ಬೋಲ್ಟು, ಧೈರ್ಯವಾಗಿ ಕೂರುತ್ತೆ. ಕಟ್ಟಿ ಮುಗಿದಿರೋ ಬ್ಲಾಕ್ ಗೋಡೇನೇ ಬೇಕು ಅಂದ್ರೆ ಜಾಲರಿ ಕೊಳವೆ ಹಾಕಿ ಕೆಮಿಕಲ್ ಆಂಕರ್, ಅಂದ್ರೆ ತೂತಿಗೆ ಅಂಟು ತುಂಬಿ ಬೋಲ್ಟ್ ಕೂರಿಸೋದು, ಮಾಡಬೇಕು, ಆಗುತ್ತೆ, ಆದ್ರೆ ಮಾಡೋನಿಗೆ ಕೈ ಪಳಗಿರಬೇಕು.

ಮಣ್ಣಿನ ಗೋಡೆಗೆ ಮಾತ್ರ ಯಾವ ಆಂಕರೂ ಇಲ್ಲ. ಬೋಲ್ಟ್ ಹಿಗ್ಗಿದ ಹಾಗೆಲ್ಲ ಮಣ್ಣು ಪುಡಿಯಾಗಿ ಉದುರುತ್ತೆ. ಅಲ್ಲಿ ಒಂದೇ ದಾರಿ, ಆರುಪಾರು ತೂತು ಹೊಡೆದು ಎಂ12 ಥ್ರೆಡ್ ರಾಡ್ (ಉದ್ದಕ್ಕೂ ಬೋಲ್ಟಿನ ಥರ ಥ್ರೆಡ್ ಇರೋ ಸರಳು) ತೂರಿಸಿ, ಆಚೆ ಬದಿಗೆ 6 ಮಿ.ಮೀ. ದಪ್ಪದ ಪಟ್ಟಿ ಇಟ್ಟು ನಟ್ ಬಿಗಿಯೋದು. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ, ಇಲ್ಲಾಂದ್ರೆ ಆಚೆ ಬದಿ ಬುಟ್ಟಿ ಗಾತ್ರಕ್ಕೆ ಕಿತ್ತು ಬೀಳುತ್ತೆ. ಆಚೆ ಬದಿ ಅಂದ್ರೆ ಇನ್ನೊಂದು ರೂಮು ಆಗಿರಬೇಕು, ಅಂಗಳ ಅಲ್ಲ. ಅಂಗಳದ ಕಡೆ ನಟ್ ಕಂಡ್ರೆ ಸ್ಪ್ಯಾನರ್ ಹಿಡಿದು ಬಂದವನಿಗೆ ನಾವೇ ದಾರಿ ಕೊಟ್ಟ ಹಾಗೆ. ಒಳಗೇ ಇದ್ರೂ ಆ ನಟ್ಟನ್ನ ಪಟ್ಟಿಗೆ ವೆಲ್ಡ್ ಮಾಡಿಸು.

ಜಾಗ ಮೂಲೇಲಿ ಇರ್ಲಿ. ಬಾಗಿಲು ತೆಗೆಯೋ ಅಂಚು, ಅಂದ್ರೆ ಬೀಗ ಇರೋ ಬದಿ, ಪಕ್ಕದ ಗೋಡೆಗೆ ಆದಷ್ಟು ಹತ್ತಿರ ಬರೋ ಹಾಗೆ ನಿಲ್ಲಿಸು, ಹಾರೆ ತೂರಿಸಿ ಮೀಟೋಕೆ ಜಾಗ ಸಿಗಬಾರದು. ಹಿಂದೇನೂ ಸಂದು ಬೇಡ. ಗೋಡೆ ಬುಡಕ್ಕೆ ಹಾಕೋ ಸ್ಕರ್ಟಿಂಗ್ ಟೈಲ್ಸ್ ಇದ್ರೆ ಬೀರು ಗೋಡೆಗೆ ಒರಗೋಲ್ಲ, ಆ ಜಾಗದಲ್ಲಿ ಸ್ಕರ್ಟಿಂಗ್ ಹಾಕಿಸಲೇ ಬೇಡ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ವೈರಿನ ಪೈಪು ಇಳಿದಿರುತ್ತೆ, ಅಲ್ಲಿ ತೂತು ಬೇಡ.

ಬೋಲ್ಟ್ ನಾಲ್ಕು, ಮೇಲೆ ಎರಡು ಕೆಳಗೆ ಎರಡು, ಬೀರಿನ ಒಳಗಿಂದಲೇ. ತಲೆ ಒಳಗಿದ್ರೆ ಬೀಗ ಹಾಕಿದ ಮೇಲೆ ಯಾರಿಗೂ ಕೈಗೆ ಸಿಗೋಲ್ಲ. ನಿನ್ನ ಬೀರು 14 ಗೇಜ್ ಅಂದೆ, ಅಂದ್ರೆ ಸುಮಾರು 2 ಮಿ.ಮೀ. ತಗಡು. ಚಿಕ್ಕ ವಾಷರ್ ಹಾಕಿದ್ರೆ ಎಳೆದಾಗ ಬೋಲ್ಟ್ ಗೋಡೇಲಿ ಉಳಿಯುತ್ತೆ, ತಗಡು ಹರಿದು ಬೀರು ಬರುತ್ತೆ. ಮೇಲಿನ ಎರಡು ಬೋಲ್ಟಿಗೆ ಅಡ್ಡ ಒಂದು, ಕೆಳಗಿನ ಎರಡಕ್ಕೆ ಒಂದು ಕಬ್ಬಿಣದ ಪಟ್ಟಿ ಕೊಡಿಸು. ಪ್ಲಾಸ್ಟರಿನ ದಪ್ಪ ಲೆಕ್ಕಕ್ಕೆ ಇಲ್ಲ, ಅದು ಕಳೆದು ಗಟ್ಟಿ ಗೋಡೆ ಒಳಗೆ ಎರಡೂವರೆ ಇಂಚಾದ್ರೂ ಬೋಲ್ಟ್ ಹೋಗಬೇಕು. ತೂತಿನ ಪುಡಿ ಊದಿ, ಬ್ರಷ್ ಹಾಕಿ, ಮತ್ತೆ ಊದಬೇಕು. ಇದನ್ನ ಯಾರೂ ಮಾಡೋಲ್ಲ, ಕೆಮಿಕಲ್ ಆಂಕರ್ ಕಿತ್ತು ಬರೋದಕ್ಕೆ ಹೆಚ್ಚಿನ ಸಲ ಆ ಪುಡೀನೇ ಕಾರಣ.

ನಮ್ಮ ಕೊಡಗಿನ ಮಳೆ ನಿನಗೆ ಗೊತ್ತಲ್ಲ. ಜೂನಿಂದ ಸೆಪ್ಟೆಂಬರ್ ತನಕ ಪಡುವಣ ಗೋಡೆ ನೆನೆದೇ ಇರುತ್ತೆ, ಅದಕ್ಕೆ ಒರಗಿಸಿದ್ರೆ ನಮ್ಮ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ತೆಗೆಯೋ ಹೊತ್ತಿಗೆ ನಳಿಕೆಗೆ ತುಕ್ಕು ಹಿಡಿದಿರುತ್ತೆ. ಒಳಗಿನ ಗೋಡೆ ಆರಿಸು, ಬೀರಿನ ಬೆನ್ನಿಗೆ ಎರಡು ಕೋಟ್ ರೆಡ್ ಆಕ್ಸೈಡ್ ಬಳಿಸು, ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸು.

ಅಮ್ಮ ಕೇಳ್ತಾ ಇದ್ರು, ಅಜ್ಜ ಜೋಡಿ ನಳಿಕೆ ಕೋವಿನ ಗೂಟಕ್ಕೆ ನೇತು ಹಾಕ್ತಾ ಇದ್ರು, ಆಗ ಏನಾಯ್ತು ಅಂತ. ಅಮ್ಮಾ, ಆಗ ಮನೇಲಿ ಹಗಲು ರಾತ್ರಿ ಇಪ್ಪತ್ತು ಜನ ಇದ್ರು. ಈಗ ತಮ್ಮ ಬೆಂಗಳೂರಿಗೆ ಹೋದ್ರೆ ವಾರಗಟ್ಟಲೆ ಮನೆಗೆ ಬೀಗ. ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ವಿನಾಯಿತಿ ನಮಗೆ 2029ರ ಅಕ್ಟೋಬರ್ 31ರ ತನಕ ಕೊಟ್ಟಿದ್ದಾರೆ, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಕೊಡವರ ಮೇಲೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರ ಮೇಲೆ ಅಷ್ಟು ನಂಬಿಕೆ ಇಟ್ಟಿರುವಾಗ, ನಮ್ಮ ಮನೆ ಕೋವಿ ಕಳ್ಳನ ಕೈ ಸೇರಿ ಯಾರಿಗೋ ಗುಂಡು ತಗುಲಿತು ಅಂದ್ರೆ ನಾನು ಹೇಗೆ ತಲೆ ಎತ್ತಿ ಓಡಾಡ್ಲಿ? ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಕೊಯ್ಯುವಾಗ ಹಾರಿಸೋ ಕೋವಿ ಅದು.

ತೋಟೆ ಬೇರೆ ಪೆಟ್ಟಿಗೇಲಿ, ಬೇರೆ ಬೀಗದಲ್ಲಿ. ಕೋವಿ ಒಳಗಿಡೋ ಮುಂಚೆ ಮಡಚಿ ತೆರೆದು ನಳಿಕೆ ಖಾಲಿ ಇದೆಯಾ ನೋಡಿ, ಎರಡು ಸಲ ನೋಡಿ. ಬೀಗದ ಕೈ ದೇವರ ಫೋಟೋ ಹಿಂದೆ ಬೇಡ, ಮನೆಗೆ ಬಂದವರೆಲ್ಲ ಮೊದಲು ಹುಡುಕೋದೇ ಅಲ್ಲಿ. ನಿನ್ನ ಹತ್ರ ಒಂದು, ತಂಗಿ ಹತ್ರ ಒಂದು ಸಾಕು.

ಭಾನುವಾರ ಡ್ರಿಲ್ಲು, ಉದ್ದದ ಬಿಟ್ಟು ತಗೊಂಡು ನಾನೇ ಬರ್ತೀನಿ, ಗುರುತು ಹಾಕಿ ಕೊಡ್ತೀನಿ. ಅಲ್ಲಿ ತನಕ ಮೇಸ್ತ್ರಿಗೆ ಹೇಳು, ಕೊನೇ ರೂಮಿನ ಮೂಲೆಗೆ ಮುಂದಿನ ವರಸೆ ಕಟ್ಟೋದು ಬೇಡ ಅಂತ.