ಬಸವ ಜಯಂತಿ ಪೆಂಡಾಲ್: ಈ ಸಲ ಕಂಬಕ್ಕ ಕೊಕ್ಕಿ ಬ್ಯಾಡ

ಮನೆ 31, ಸೋಮವಾರ ರಾತ್ರಿ 8:40
ಓಣಿ ಎಲ್ಲಾರಿಗೂ ಶರಣು. ಸಾಲಿ ಸೂಟಿ ಆಗ್ಯಾವ, ಎಂಟರಿಂದ ಹತ್ತನೇ ಇಯತ್ತೆ ಹುಡುಗರು ದಿನಾ ಉದ್ಯಾನದಾಗೇ ಇರ್ತಾರ. ಅಲ್ಲೇ ಹಾಕೋ ಬಸವ ಜಯಂತಿ ಪೆಂಡಾಲಿನ ಕೆಲಸಕ್ಕ ಅವರೇ ಮುಂದ ನಿಲ್ತಾರ, ನಿಲ್ಲಲಿ. ಆದ್ರ ಬೀದಿ ದೀಪದ ಕಂಬಕ್ಕ ವೈರ್ ಕೊಕ್ಕಿ ಹಾಕೋದು, ನಿಚ್ಚಣಿಕಿ ಹತ್ತಿ ಲೈಟಿನ ಸರ ಕಟ್ಟೋದು, 20 ಅಡಿ ಕಬ್ಬಿಣದ ಪೈಪ್ ಎತ್ತಿ ನಿಲ್ಲಿಸೋದು, ಈ ಮೂರು ಅವರ ಕೈಗೆ ಹೋಗಬಾರದು. ಪೂರ್ವದ ಬೇಲಿ ಮ್ಯಾಲೇ 11 ಕೆ.ವಿ. (11 ಸಾವಿರ ವೋಲ್ಟಿನ) ತಂತಿ ಹೋಗ್ಯದ. ಹಬ್ಬಕ್ಕ ಎಂಟು ದಿನ ಉಳದಾವ. ಯಾರು ಯಾವ ಕೆಲಸ ನೋಡ್ಕೋತೀರಿ, ಇಲ್ಲೇ ಬರೀರಿ.

ಮನೆ 7, 8:52
ಎರಡು ದಿನದ ಕರೆಂಟಿಗೆ ಅರ್ಜಿ, ಡಿಪಾಜಿಟ್ ಅಂದ್ರ ಪಟ್ಟಿ (ವಂತಿಗಿ) ಹೆಚ್ಚಾಗ್ತದ. ಕಂಬದಿಂದ ತಗೊಂಡ್ರ ಏನಾಗ್ತದ?

ಮನೆ 18, 9:15
ಕಾಕಾ, ಬಿಡಿಸಿ ಹೇಳ್ತೀನಿ ಕೇಳ್ರಿ. ಕೊಕ್ಕಿ ಹಾಕಿದ್ರ ನಡುವ ಫ್ಯೂಸ್ ಇರಂಗಿಲ್ಲ, ಎಂಸಿಬಿ (ಲೋಡ್ ಹೆಚ್ಚಾದ್ರ, ಶಾರ್ಟ್ ಆದ್ರ ತಾನೇ ಬೀಳೋ ಸ್ವಿಚ್) ಇರಂಗಿಲ್ಲ. ಪೆಂಡಾಲಿನ್ಯಾಗ ಶಾರ್ಟ್ ಆದ್ರ ಅದನ್ನ ಕಡಿಯೋದು ಟ್ರಾನ್ಸ್‌ಫಾರ್ಮರ್ ಹತ್ರದ ಫ್ಯೂಸ್ ಒಂದೇ. ಅದು ಇಡೀ ಓಣಿ ಲೋಡಿಗೆ ಹಾಕಿದ ದಪ್ಪ ತಂತಿ. ಅದು ಹೋಗೋದರಾಗ ಬಟ್ಟಿಗೆ ಬೆಂಕಿ ಹತ್ತಿರ್ತದ.

ಇನ್ನ ನ್ಯೂಟ್ರಲ್, ಅಂದ್ರ ಕರೆಂಟ್ ವಾಪಸ್ ಹೋಗೋ ತಂತಿ. ಕೊಕ್ಕಿ ಗಾಳಿಗೆ ಜಗ್ಗಿ ಜಗ್ಗಿ ಹಳೇ ಜಾಯಿಂಟ್ ಸಡಿಲಾಗ್ತದ. ನ್ಯೂಟ್ರಲ್ ಬಿಟ್ಟಿತಂದ್ರ ಮೂರು ಫೇಸಿನ ವೋಲ್ಟೇಜ್ ಏರುಪೇರಾಗಿ, ಲೋಡ್ ಕಮ್ಮಿ ಇರೋ ಫೇಸಿನ ಮನಿಗೆ 230 ಇರೋ ಜಾಗಾದಾಗ 300 ದಾಟಿ ಬರ್ತದ. ಟಿವಿ, ಫ್ರಿಜ್ ಹೋಗ್ತಾವ. ಮ್ಯಾಲ ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 135ರ ಪ್ರಕಾರ ಅದು ಕಳ್ಳತನ. ಹಬ್ಬ ಬಸವಣ್ಣನವರದು, ಕರೆಂಟ್ ಕದ್ದದ್ದು ಆಗಬಾರದು.

ಮನೆ 26, 9:24
ನಮ್ಮ ಮನಿ ಮೀಟರಿನಿಂದ ಕೊಟ್ರ ನಡೀತದೇನ್ರಿ ಅಣ್ಣಾರೆ?

ಮನೆ 18, 9:50
ಬ್ಯಾಡ ಅಕ್ಕಾರೆ. ನಿಮ್ಮ ಕೂಲರ್, ಫ್ರಿಜ್, ಮೋಟರ್ ಮ್ಯಾಲ ಇದೂ ಕೂಡಿದ್ರ ಮಂಜೂರಾದ ಲೋಡ್ ದಾಟ್ತದ. ಅದು ಎಷ್ಟಂತ ಬಿಲ್ಲಿನ ಮ್ಯಾಲೇ ಇರ್ತದ, ನೋಡ್ರಿ. ಜೆಸ್ಕಾಂದಾಗ (ನಮ್ಮ ಕಡೆ ಕರೆಂಟ್ ಕಂಪನಿ) ತಾತ್ಕಾಲಿಕ ಸಂಪರ್ಕಕ್ಕ ಅರ್ಜಿ ಹಾಕೋಣು. ಲೆಕ್ಕ ಹಿಂಗ ಅದ: 50 ವ್ಯಾಟಿನ ಎಲ್‌ಇಡಿ ಫ್ಲಡ್ 6, ಅಂದ್ರ 300. ಲೈಟಿನ ಸರ 20ಕ್ಕ 200. ಮೈಕ್ ಆಂಪ್ಲಿಫೈಯರ್ 250. ದೊಡ್ಡ ಫ್ಯಾನ್ 4ಕ್ಕ 480. ಕೂಲರ್ 4ಕ್ಕ 800. ಒಟ್ಟು 2,030 ವ್ಯಾಟ್, ಹತ್ರ ಹತ್ರ 9 ಆಂಪಿಯರ್. ಹ್ಯಾಲೋಜನ್ ಹಾಕಿದ್ರ ಈ ಲೆಕ್ಕ ನಿಲ್ಲಂಗಿಲ್ಲ, ಒಂದೊಂದೇ 500 ವ್ಯಾಟ್ ತಿಂತದ, ಬಟ್ಟಿನೂ ಸುಡ್ತದ.

2 ಕಿಲೋವ್ಯಾಟಿನಂಗ ದಿನಕ್ಕ 5 ತಾಸು, ಎರಡು ದಿನಕ್ಕ 20 ಯೂನಿಟ್. ಕಾಕಾ, ಪಟ್ಟಿಗೆ ಅಂಥಾ ಭಾರ ಏನಿಲ್ಲ.

ಮೀಟರ್ ಆದ ಮ್ಯಾಲ 16 ಆಂಪಿಯರ್ ಎಂಸಿಬಿ, ಅದರ ಜೋಡಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಕೂಡಲೇ ಕಡಿಯೋ ಸ್ವಿಚ್) ಇರ್ಲೇಬೇಕು. ಎಂಸಿಬಿ ವೈರ್ ಉಳಿಸ್ತದ, ಮನಷ್ಯಾನ್ನ ಉಳಿಸೋದು ಆರ್‌ಸಿಸಿಬಿ. ಮೂರು ಎಳಿ ತಾಮ್ರದ ಕೇಬಲ್, 60 ಮೀಟರ್ ಒಳಗಿದ್ರ 2.5 ಚದರ ಮಿ.ಮೀ., ಹೆಚ್ಚಿದ್ರ 4. ಉಳಿದ ಕೇಬಲ್ ಸುತ್ತಿ ಇಡಬ್ಯಾಡ್ರಿ. ಸುರುಳಿ ಒಳಗಿನ ಕಾವು ಹೊರಗ ಹೋಗಂಗಿಲ್ಲ, ಈ ಬಿಸಲಾಗ ಮ್ಯಾಲಿನ ಪ್ಲಾಸ್ಟಿಕ್ ಕರಗ್ತದ. ಎಲ್ಲಾ ಬಿಚ್ಚಿ ಬೇಲಿಗುಂಟ ಹಾಸ್ರಿ. ವೈರ್ ಸುತ್ತಿ ಟೇಪ್ ಹಚ್ಚಿದ ಜಾಯಿಂಟ್ ಒಂದೂ ಬ್ಯಾಡ. ಪ್ಲಗ್ ಸಾಕೆಟ್ ಇರೋ ಜಾಗಾ ಎರಡು ಇಟ್ಟಂಗಿ ಮ್ಯಾಲ ಎತ್ತಿ ಇಡ್ರಿ.

ಮನೆ 31, 9:58
ಅರ್ಜಿ ನಾ ಕೊಡ್ತೀನಿ. ಏಪ್ರಿಲ್, ಮೇ ತಿಂಗಳು ನಮ್ಮ ಕಲಬುರಗಿ ವಿಭಾಗದಾಗ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30, ಊಟ ಮಾಡಿ ಹೋದ್ರ ಕೀಲಿ ಕಾಣ್ತದ. ಬೆಳಿಗ್ಗೆ ಜೆಸ್ಕಾಂ, ಅಲ್ಲಿಂದ ಉದ್ಯಾನದ ಪರವಾನಗಿಗೆ ಪಾಲಿಕೆ, ಮೈಕಿಗೆ ಪೊಲೀಸ್ ಠಾಣೆ. ಮೈಕ್ ರಾತ್ರಿ 10ಕ್ಕ ಬಂದ್, ಅದು ಕಾಯ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-2ಕ್ಕ ಓದೋ ಮಕ್ಕಳು ಮೂರು ಮನಿಯಾಗ ಇದ್ದಾರ, ಸ್ಪೀಕರ್ ಮುಖ ವೇದಿಕೆ ಕಡಿಂದ ಒಳಗೇ ಇರ್ಲಿ, ಓಣಿ ಕಡೆ ತಿರುಗಿಸಬ್ಯಾಡ್ರಿ.

ಮನೆ 40, ಮಂಗಳವಾರ ಬೆಳಿಗ್ಗೆ 6:30
ಪೆಂಡಾಲ್ ಕಂಬದ ಬಗ್ಗೆ. ನಮ್ಮದು ಎರಿ ಭೂಮಿ, ಈಗ ಬಿರುಕು ಬಿಟ್ಟು ಕೈ ಹೋಗೋಷ್ಟು ಸಂದಿ ಆಗ್ಯಾವ. ಬರೇ ಕುಣಿ ತೋಡಿ ಅದೇ ಮಣ್ಣು ತುಂಬಿದ್ರ ಕಂಬ ಅಲಗಾಡ್ತದ. ಎರಡೂವರೆ ಅಡಿ ಕುಣಿ, ಸುತ್ತ ಗರಸು ಹಾಕಿ, ನೀರು ಹೊಡದು, ಆರಾರು ಇಂಚಿಗೆ ಒಮ್ಮೆ ಧಮ್ಮಸು ಮಾಡ್ಬೇಕು. ಸಂಜಿ 4ರಿಂದ 6ರ ನಡುವ ಅಡ್ಡಮಳಿ ಗಾಳಿ ಬೀಸ್ತದ. ದಪ್ಪ ತಾಡಪತ್ರಿ ಹಾಯಿ ಆಗಿ ಕಂಬ ಸಮೇತ ಎತ್ತಿಕೊಂಡು ಹೋಗ್ತದ. ಅದಕ್ಕ ಹಸಿರು ಶೇಡ್ ನೆಟ್ಟೇ ಬೇಸಿ, ಗಾಳಿ ಸೋರಿ ಹೋಗ್ತದ, ನೆಳ್ಳೂ ಸಿಗ್ತದ.

11 ಕೆ.ವಿ. ತಂತಿ ಕೆಳಗಿನಿಂದ 30 ಅಡಿ ಒಳಗ ಒಂದೂ ಕುಣಿ ತೋಡಬಾರದು. ಯಾಕಂದ್ರ 20 ಅಡಿ ಪೈಪ್ ಎತ್ತುವಾಗ ಕೈ ತಪ್ಪಿ ವಾಲಿದ್ರೂ ತಂತಿಗೆ 10 ಅಡಿ ಅಂತರ ಉಳೀಬೇಕು. ಆ ತಂತಿಗೆ ಮುಟ್ಟೋದೇ ಬೇಕಾಗಿಲ್ಲ, ಹತ್ರ ಬಂದ್ರೇ ಹಾರಿ ಹಿಡೀತದ. ಬೆಳ್ಳಿ ಬಣ್ಣದ ಜರಿ ಹಾಳಿ ತೋರಣನೂ ಬ್ಯಾಡ್ರಿ. ಹರದು ಹಾರಿ ತಂತಿಗೆ ಸುತ್ತಿಕೊಂಡ್ರ ಶಾರ್ಟ್ ಆಗ್ತದ. ಮಾವಿನ ತೋರಣ ಕಟ್ಟೋಣು.

ಮನೆ 18, 7:05
ಅಣ್ಣಾರೆ ಹೇಳಿದ ಎರಿ ಮಣ್ಣಿನ ಮಾತು ಅರ್ಥಿಂಗಿಗೂ ಅದೇ. ಒಣಗಿದ ಎರಿ ಮಣ್ಣು ಅರ್ಥಿಂಗ್ ಸಳಿಯಿಂದ ಸರದು ನಿಲ್ತದ, ಕರೆಂಟ್ ಭೂಮಿಗೆ ಇಳಿಯಂಗಿಲ್ಲ. ಆರಡಿ ಜಿಐ ರಾಡ್ ಪೂರಾ ಇಳಿಸಿ, ಉಪ್ಪು ಬೆರೆಸಿದ ನೀರು ಎರಡು ಕೊಡ, ಮರುದಿನ ಮತ್ತ ಒಂದು ಕೊಡ.

ಕೂಲರ್ ಬಗ್ಗೆ ಎಲ್ಲಾರೂ ಒಮ್ಮೆ ಓದ್ರಿ, ಮನಿಗೂ ಬೇಕು. ತಗಡಿನ ಕೂಲರಿನ್ಯಾಗ ಪಂಪಿನ ವೈರ್ ನೀರಿನ್ಯಾಗೇ ಇರ್ತದ. ಅದರ ಸಿಪ್ಪಿ ಒಡದ್ರ ಇಡೀ ತಗಡಿಗೆ ಕರೆಂಟ್. ಪ್ಲಗ್ಗಿನ ದಪ್ಪ ಪಿನ್ ಅರ್ಥ್. ಎರಡು ಪಿನ್ನಿನ ಬೋರ್ಡಿಗೆ ಕೂಡಲಿ ಅಂತ ಅದನ್ನೇ ಮುರದಿರ್ತಾರ. ನಾಲ್ಕೂ ಕೂಲರಿನ ಪ್ಲಗ್ ತಿರುಗಿಸಿ ನೋಡ್ರಿ, ಮೂರು ಪಿನ್ ಇಲ್ಲದ್ದು ವಾಪಸ್ ಕಳಿಸ್ರಿ. ಬರಿಗಾಲಿನ ಹುಡುಗ ಕೊಡಪಾನ ಹಿಡದು ಒಂದು ಕೈಲೆ ತಗಡು ಹಿಡದು ನೀರು ಹಾಕ್ತಾನ, ಅಪಾಯ ಇರೋದೇ ಅಲ್ಲಿ. ನೀರು ಹಾಕುವಾಗ ಸ್ವಿಚ್ ಆರಿಸೋದಲ್ಲ, ಪ್ಲಗ್ಗೇ ಕೀಳಬೇಕು. ಹಾಕೋರು ದೊಡ್ಡೋರು, ಕಾಲಾಗ ರಬ್ಬರ್ ಚಪ್ಪಲಿ.

ದಿನಾ ಸಂಜಿ ಲೈಟ್ ಹಚ್ಚೋಕಿಂತ ಮೊದ್ಲು ಆರ್‌ಸಿಸಿಬಿ ಮ್ಯಾಲಿನ ಟೆಸ್ಟ್ ಗುಂಡಿ ಒತ್ರಿ. ಟಪ್ ಅಂತ ಬೀಳಬೇಕು. ಬೀಳಲಿಲ್ಲಂದ್ರ ಅವತ್ತು ಲೈಟ್ ಇಲ್ಲ.

ಮನೆ 22, 7:40
ಹಂಗಾದ್ರ ಹುಡುಗರಿಗೆ ಏನು ಕೊಡೋದು ಅಂದ್ರ, ಕೆಲಸ ಬೇಕಾದಷ್ಟದ. ರಂಗೋಲಿ, ಹೂವು, ಕುರ್ಚಿ, ವಚನ ಓದೋರ ಪಟ್ಟಿ, ಮುಖ್ಯವಾಗಿ ಅರವಟ್ಟಿಗಿ. ಎಲ್ಲಾ ಬೆಳಿಗ್ಗೆ 10ರ ಒಳಗ ಇಲ್ಲಾ ಸಂಜಿ 5ರ ಮ್ಯಾಲ. ನಡುವ 42 ಡಿಗ್ರಿಯಾಗ ಯಾವ ಮಗೂ ಉದ್ಯಾನದಾಗ ಇರಬಾರದು.

ನೀರಿಗೆ ನಾಲ್ಕು ರಂಜಣಗಿ, ಮ್ಯಾಲ ತೊಯ್ಸಿದ ಗೋಣಿ. ಅಂಗಡಿ ಐಸ್ ಗಡ್ಡಿ ಕುಡಿಯೋ ನೀರಿನದ್ದಲ್ಲ, ಒಳಗ ಹಾಕಬ್ಯಾಡ್ರಿ. ಮಜ್ಜಿಗಿ 300 ಮಂದಿಗೆ 200 ಮಿ.ಲೀ. ಹಿಡಿದ್ರ 60 ಲೀಟರ್: ಮೊಸರು 15, ನೀರು 45, ಉಪ್ಪು 300 ಗ್ರಾಂ, ಜೀರಗಿ ಪುಡಿ 100 ಗ್ರಾಂ, ಹಸಿಶುಂಠಿ, ಕೊತ್ತಂಬರಿ. ಒಮ್ಮೆಲೇ ಕಡೀಬ್ಯಾಡ್ರಿ, ಈ ಬಿಸಿಲಿಗೆ ಹುಳಿ ಬಂದು ಕೆಡ್ತದ. 20 ಲೀಟರಿನಂಗ ಮೂರು ಸಲ. ಓಆರ್‌ಎಸ್ ಪಾಕೀಟು ಹತ್ತು ಇರ್ಲಿ, ಒಂದು ಲೀಟರಿನ ಪಾಕೀಟಿಗೆ ಪೂರಾ ಒಂದು ಲೀಟರ್ ನೀರು, ಕಮ್ಮಿ ನೀರಿನ್ಯಾಗ ಕಲಸಬಾರದು.

ಮನೆ 7, 8:10
ಸರಿ, ಪಟ್ಟಿ ಎತ್ತೋದು ನನಗ ಬಿಡ್ರಿ. ಕರೆಂಟಿನ ಬೋರ್ಡ್ ಹತ್ರ ಯಾರು ಕೂಡೋರು?

ಮನೆ 18, 8:20
ಇಬ್ಬಿಬ್ಬರು ದೊಡ್ಡೋರು, ಎರಡೆರಡು ತಾಸು. ಯಾರಿಗರೆ ಕರೆಂಟ್ ಹೊಡದ್ರ ಮೈ ಮುಟ್ಟಬ್ಯಾಡ್ರಿ, ಮೊದ್ಲು ಮೇನ್ ಕೆಳಗ. ಆಮ್ಯಾಲ 108. ಉಸಿರಿಲ್ಲಂದ್ರ ಎದಿ ನಡುವ ಎರಡು ಇಂಚು ಇಳಿಯಂಗ, ನಿಮಿಷಕ್ಕ 100ರಿಂದ 120 ಸಲ ಒತ್ತಬೇಕು, ಗಾಡಿ ಬರೋತನಕ ಬಿಡಬಾರದು. ತಂತಿ ಹರದು ಬಿದ್ರ ಜೆಸ್ಕಾಂನ 1912ಕ್ಕ ಫೋನ್.

ಮನೆ 31, 8:35
ಮೊದಲ ಎರಡು ತಾಸು ನಾನು, ಮನೆ 40. ಮುಂದಿಂದು 7 ಮತ್ತು 18. ಬೋರ್ಡಿನ ಪೆಟ್ಟಿಗೆ ಕೀಲಿ ಹಾಕೋಣು. ಕೀಲಿಕೈ ಎರಡು, ಒಂದು ಕೂತೋರ ಹತ್ರ, ಇನ್ನೊಂದು ಮನೆ 22ರಾಗ. ಗುರುವಾರ ಬೆಳಿಗ್ಗೆ 6ಕ್ಕ ಕುಣಿ ತೋಡಲಾಕ ಬರ್ರಿ, ಗರಸಿನ ಟ್ರ್ಯಾಕ್ಟರ್ ಬುಧವಾರ ಸಂಜಿನೇ ಬರ್ತದ.